ಹೊಳೆಗೆ ಮುಖ ಮಾಡಿದ ಮೋಟಾರು

ನಂಜನಗೂಡಿನ ಮಂಡಿ ಬಸವಯ್ಯನವರ ಸಾರೋಟು ಹೊಡೆಯುತ್ತಿದ್ದ ರಂಗನಾಯಕನಿಗೆ ಮಾತೆಂದರೆ ಊಟಕ್ಕಿಂತ ಹೆಚ್ಚು. ಕುದುರೆಗಳಿದ್ದ ಕಾಲದಲ್ಲಿ ಅದಕ್ಕೇನೂ ಕೊರತೆ ಇರಲಿಲ್ಲ. ಹುರುಳಿ ಬೇಯಿಸುವಾಗ, ಮೈ ತಿಕ್ಕುವಾಗ, ಲಾಳ ಕಟ್ಟಿಸುವಾಗ ಅವನು ಎರಡು ಕುದುರೆಗಳ ಜೊತೆಗೂ ಮಾತಾಡುತ್ತಲೇ ಇರುತ್ತಿದ್ದ. ಹುಟ್ಟೂರು ಹದಿನಾರಿನಲ್ಲಿ ತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಜಗಳ, ಸಂತೆಯಲ್ಲಿ ಕೇಳಿದ ಸುದ್ದಿ, ಬೆನ್ನುನೋವು, ಎಲ್ಲವನ್ನೂ ಅವುಗಳಿಗೆ ಹೇಳುತ್ತಿದ್ದ. ಅವು ಕಿವಿ ನಿಗುರಿಸಿ ಕೇಳುತ್ತಿದ್ದವು. ಪ್ಲೇಗಿನ ವರ್ಷ ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದ ಸಂಸಾರ ಅಂದರೆ ಅದೇ.

ಜರ್ಮನಿಯ ಯುದ್ಧ ಮುಗಿದು ಮೂರು ನಾಲ್ಕು ವರ್ಷವಾಗಿತ್ತು ನೋಡಿ, ಬಸವಯ್ಯನವರು ಕುದುರೆಗಳನ್ನು ಮಾರಿ ಒಂದು ಮೋಟಾರು ತಂದುಬಿಟ್ಟರು. ಲಾಯದ ಗೋಡೆ ಒಡೆದು ಬಾಗಿಲು ಅಗಲ ಮಾಡಿಸಿ ಅದನ್ನು ಅಲ್ಲೇ ನಿಲ್ಲಿಸಿದರು. ರಂಗನಾಯಕ ಮೈಸೂರಿಗೆ ಹೋಗಿ, ಒಬ್ಬ ಮಿಸ್ತ್ರಿಯ ಕೈಕೆಳಗಿದ್ದು ಮೋಟಾರು ಬಿಡುವುದನ್ನು ಕಲಿತು ಬಂದ. ಕೈ ಬೇಗ ಪಳಗಿತು. ಆದರೆ ಮೋಟಾರು ಕಿವಿ ನಿಗುರಿಸುವುದಿಲ್ಲ. ಅದೊಂದು ಬಿಟ್ಟರೆ ಅವನಿಗೆ ಅದರ ಮೇಲೆ ಬೇರೆ ದೂರಿರಲಿಲ್ಲ.

ಮಿಸ್ತ್ರಿ ಹೇಳಿಕೊಟ್ಟ ಪಾಠಗಳಲ್ಲಿ ಬ್ಯಾಟರಿಯದು ದೊಡ್ಡದು. ಚಾಲಕ ಕೂರುವ ಜಾಗದ ಕೆಳಗೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಸೀಸದ ಹಲಗೆ, ಮುಟ್ಟಿದರೆ ಕೈ ಸುಡುವಂಥ ನೀರು. ದೀಪ ಉರಿಯುವುದು ಅದರಿಂದ. ಕಾಲಲ್ಲಿ ಗುಂಡಿ ಒತ್ತಿದರೆ ಯಂತ್ರ ತಾನಾಗಿ ತಿರುಗುವುದೂ ಅದರಿಂದ. ಯಂತ್ರದೊಳಗೆ ಪೆಟ್ರೋಲು ಹೊತ್ತಿಸುವ ಕಿಡಿ ಕೂಡ ಅದರಿಂದಲೇ. ಹಾಗಾಗಿ ಅದು ಬರಿದಾದರೆ ಹ್ಯಾಂಡಲ್ ಹಾಕಿ ಎಷ್ಟು ಸುತ್ತಿದರೂ ಗಾಡಿ ಕದಲುವುದಿಲ್ಲ. ಗಾಡಿ ಓಡುವಾಗ ಅದು ತಾನಾಗಿ ಒಂದಿಷ್ಟು ತುಂಬಿಕೊಳ್ಳುತ್ತದೆ, ಪೂರ್ತಿ ಬರಿದಾದರೆ ಮಾತ್ರ ತುಂಬಿಸಲು ಮೈಸೂರಿಗೇ ಹೊತ್ತುಕೊಂಡು ಹೋಗಬೇಕು. ಗಾಡಿಯನ್ನು ಒಂದೆರಡು ದಿನ ನಿಲ್ಲಿಸುವುದಾದರೆ ಬ್ಯಾಟರಿಯ ತಂತಿ ಬಿಚ್ಚಿಡು ಎಂದು ಮಿಸ್ತ್ರಿ ಒತ್ತಿ ಒತ್ತಿ ಹೇಳಿದ್ದ.

"ಗಾಡಿ ನಿಂತ ಮೇಲೆ ಎತ್ತಿನ ಕೊರಳು ಬಿಚ್ಚೋದಿಲ್ವೇನಯ್ಯ? ಇದೂ ಹಾಗೇ. ತಂತಿ ಬಿಗಿದೇ ಇದ್ದರೆ, ನೀನು ಮಲಗಿದ್ದರೂ ಅದು ನೊಗ ಹೊತ್ತುಕೊಂಡೇ ನಿಂತಿರುತ್ತೆ."

ಎತ್ತಿನ ಲೆಕ್ಕದಲ್ಲಿ ಹೇಳಿದ್ದರಿಂದ ಅದು ರಂಗನಾಯಕನ ತಲೆಯಲ್ಲಿ ಚೆನ್ನಾಗಿ ಕೂತಿತು.

ಆ ವರ್ಷದ ಶ್ರಾವಣದಲ್ಲಿ ಬಸವಯ್ಯನವರು ಮಗಳು ಚನ್ನಾಜಿಯನ್ನು ಬಾಣಂತನಕ್ಕೆ ಕರೆತರಲು ಹೊರಟರು. ಅವಳನ್ನು ಕೊಟ್ಟಿದ್ದದ್ದು ತಿರುಮಕೂಡಲು ನರಸೀಪುರಕ್ಕೆ ಎದುರಾಗಿ ಹೊಳೆಯಾಚೆ ದಡದ ಒಂದು ಹಳ್ಳಿಗೆ. ಹೋದ ಸಲ ಬಸುರಿಯಾಗಿದ್ದಾಗ ಎತ್ತಿನ ಗಾಡಿಯಲ್ಲಿ ತವರಿಗೆ ಬರುತ್ತಾ, ಹೆಮ್ಮರಗಾಲದ ಹತ್ತಿರ ಹಳ್ಳ ಹತ್ತಿಳಿಯುವಾಗ ಹೊಟ್ಟೆನೋವು ಬಂದು ಕೂಸು ನಿಲ್ಲಲಿಲ್ಲ. ಅದಾದ ಮೇಲೆ ಅವಳ ಅತ್ತೆ ಗುರುಸಿದ್ದಮ್ಮ ಈ ಸಲ ಗಾಡಿಯಲ್ಲಿ ಸುತರಾಂ ಕಳಿಸುವುದಿಲ್ಲ ಅಂದಿದ್ದರು. ಮೋಟಾರಿನಲ್ಲಾದರೆ ಸರಿ, ಅದೂ ಏಳನೇ ತಿಂಗಳು ಮುಗಿಯುವುದರೊಳಗೆ. ಎಂಟರಲ್ಲಿ ಬಸುರಿ ಹೊಸ್ತಿಲು ದಾಟಿ ಪಯಣ ಮಾಡುವ ಹಾಗಿಲ್ಲ, ಒಂಬತ್ತಕ್ಕೆ ಬಿದ್ದರೆ ಕರೆದೊಯ್ಯುವ ಧೈರ್ಯ ಯಾರಿಗೂ ಇಲ್ಲ. ಅಮಾವಾಸ್ಯೆ ಕಳೆದರೆ ಅವಳು ಎಂಟಕ್ಕೆ ಬೀಳುತ್ತಿದ್ದಳು.

ಹೊಳೆಯಲ್ಲಿ ಮೋಟಾರು ದಾಟಿಸುವುದು ಆಗದ ಮಾತು. ನರಸೀಪುರದ ಹೊಳೆದಂಡೆಯಲ್ಲಿ, ಛತ್ರದ ಪಕ್ಕದ ಗಾಡಿ ಕೊಟ್ಟಿಗೆಯಲ್ಲಿ ಅದನ್ನು ಹೊಳೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಬಸವಯ್ಯನವರು ಹರಿಗೋಲು ಹತ್ತಿದರು.

"ನಾಳೆಯೋ ನಾಳಿದ್ದೋ ಬರ್ತೀವಿ. ಯಾವ ಗಳಿಗೇಲಿ ಬಂದರೂ ಮೋಟಾರು ತಯಾರಿರಬೇಕು, ರಂಗ. ಅವರ ಮುಂದೆ ನನ್ನ ಮಾನ ಕಳೀಬೇಡ."

"ಓಗ್ಬುಟ್ಟು ಬನ್ನಿ ಬುದ್ಧಿ. ನಾ ಇಲ್ಲೇ ಇರ್ತೀನಿ," ಅಂದ ರಂಗನಾಯಕ.

ಅವರು ಆಚೆ ದಡ ಸೇರಿದ ಸಂಜೆಯೇ ಹೊಳೆ ಏರಿತು. ವೈನಾಡಿನ ಕಡೆ ಏನು ಮಳೆಯೋ, ಕೆಂಪು ನೀರು ಮರಗಳನ್ನು ಬುಡಸಮೇತ ಹೊತ್ತು ತರುತ್ತಿತ್ತು. ಹರಿಗೋಲು ಹಾಕುವ ಚಿಕ್ಕಮಾದು ತನ್ನ ಹರಿಗೋಲನ್ನು ದಡಕ್ಕೆ ಎಳೆದು ಮಗುಚಿ ಹಾಕಿ, ಅದರ ಮೇಲೆ ಕೂತು ಎಲೆ ಅಡಿಕೆ ಜಗಿಯತೊಡಗಿದ. ಈಚೆಯವರು ಈಚೆ, ಆಚೆಯವರು ಆಚೆ ಆದರು.

ಮೊದಲ ದಿನ ರಂಗನಾಯಕ ಮಿಸ್ತ್ರಿ ಹೇಳಿಕೊಟ್ಟಂತೆ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿಟ್ಟ. ಗಾಡಿಯ ಮೈ ಒರೆಸಿದ. ಅದು ಮುಗಿಯಿತು. ಹುರುಳಿ ಬೇಯಿಸುವ, ನೀರು ಕುಡಿಸುವ ಕೆಲಸವಿಲ್ಲ. ಹೊಳೆ ದಾರಿ ಕಟ್ಟಿದ್ದರಿಂದ ಛತ್ರಕ್ಕೆ ದಾರಿಹೋಕರೂ ಬರಲಿಲ್ಲ. ಅಲ್ಲಿ ಕಸ ಗುಡಿಸಿ ಅಡಿಗೆ ನೋಡಿಕೊಳ್ಳುತ್ತಿದ್ದ ಮುತ್ತಮ್ಮ ಅವನಿಗೊಬ್ಬನಿಗೆ ಮುದ್ದೆ ಕಟ್ಟಿ ಇಟ್ಟು ಕೇರಿಯ ತನ್ನ ಮನೆಗೆ ಹೋಗಿಬಿಡುತ್ತಿದ್ದಳು. ಆಮೇಲೆ ಹೊಳೆಯ ಸದ್ದು ಒಂದೇ. ಅದು ಎಂಥ ಸದ್ದು ಅಂದರೆ, ಮಾತಾಡಿದರೆ ತನ್ನ ಮಾತು ತನಗೇ ಕೇಳಿಸದು. ರಂಗನಾಯಕ ಮೋಟಾರಿನ ಮೂತಿಯ ಮೇಲೆ ಕೈಯಿಟ್ಟು ಏನೋ ಹೇಳಲು ಹೋಗಿ, ತಗಡು ತಣ್ಣಗಿದ್ದದ್ದು ತಿಳಿದು ಕೈ ತೆಗೆದ.

ಮಾರನೆಯ ಸಂಜೆ ಚಿಕ್ಕಮಾದು ಕೊಟ್ಟಿಗೆಯೊಳಗೆ ಇಣುಕಿದ. ಈ ಗಾಡಿಗೆ ಎಣ್ಣೆಯಿಲ್ಲದ ದೀಪವಂತೆ, ಹೌದೇ ಎಂದು ಕೇಳಿದ. ರಂಗನಾಯಕ ಹೌದೆಂದ. ಚಿಕ್ಕಮಾದು ನಂಬಲಿಲ್ಲ. ಎಣ್ಣೆಯಿಲ್ಲದೆ ಉರಿಯುವುದು ಮಿಣುಕುಹುಳದ ಅಂಡು ಮಾತ್ರ ಎಂದು ನಕ್ಕ. ಯಾರಾದರೊಬ್ಬರು ತನ್ನ ಜೊತೆ ನಕ್ಕು ಎಷ್ಟು ದಿನವಾಗಿತ್ತೋ, ರಂಗನಾಯಕ ಕೂರುವ ಹಲಗೆ ಎತ್ತಿ, ತಂತಿ ಸಿಕ್ಕಿಸಿ, ದೀಪದ ಗುಬಟು ತಿರುವಿಯೇಬಿಟ್ಟ.

ಎರಡು ಬೆಳಕಿನ ಕಂಬ ಕೊಟ್ಟಿಗೆಯಿಂದ ಹೊರಟು ಹೊಳೆಯ ಮೇಲೆ ಮಲಗಿದವು. ಕೆಂಪು ನೀರು, ತೇಲುವ ಬೊಂಬು, ನೊರೆ ಎಲ್ಲ ಹಗಲಿನಂತೆ ಕಂಡವು. ಚಿಕ್ಕಮಾದುವಿನ ಬಾಯಿಂದ ಎಲೆ ಅಡಿಕೆ ಹಾಗೇ ಇಳಿದು ಎದೆಯ ಮೇಲೆ ಬಿತ್ತು.

ಮುಂದಿನ ಸಂಜೆ ಕೇರಿಯೇ ಬಂತು. ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ಕೋಲೂರಿಕೊಂಡ ಮುದುಕರು. ಮುತ್ತಮ್ಮ ಎರಡು ದೀಪಗಳ ಗಾಜಿಗೂ ಕುಂಕುಮವಿಟ್ಟು, ದಾಸವಾಳ ಸಿಕ್ಕಿಸಿದಳು. ದೀಪ ಹೊತ್ತಿದಾಗ ಎಲ್ಲರೂ ಕೈಮುಗಿದರು. ಅಲ್ಲೇ ಕೂತರು. ಮಾತು ಶುರುವಾಯಿತು. ಯಾರ ಎಮ್ಮೆ ಕಂದು ಹಾಕಿತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಹಿಂದೆ ಯಾವ ವರ್ಷ ಹೊಳೆ ಛತ್ರದ ಮೆಟ್ಟಿಲು ಮುಟ್ಟಿತ್ತು. ರಂಗನಾಯಕ ತನ್ನ ಕುದುರೆಗಳ ಕತೆ ಹೇಳಿದ. ಅವು ಈಗ ಕೊಳ್ಳೇಗಾಲದ ಕಡೆ ಯಾರದೋ ಜಟಕಾ ಎಳೆಯುತ್ತಿವೆಯಂತೆ ಎಂದಾಗ ಒಬ್ಬ ಮುದುಕಿ ಲೊಚಗುಟ್ಟಿದಳು. ಆ ಲೊಚಗುಟ್ಟಿದ್ದು ಅವನಿಗೆ ಎಷ್ಟು ಹಿತವಾಯಿತೆಂದರೆ, ಅದೇ ಕತೆಯನ್ನು ಇನ್ನೊಂದು ಸಲ ಹೇಳಿದ.

ಸ್ವಲ್ಪ ಹೊತ್ತಾದ ಮೇಲೆ ಅವನು ದೀಪ ನಿಲ್ಲಿಸಲು ಎದ್ದ. ಮುತ್ತಮ್ಮ ಕೈ ಅಡ್ಡ ಹಿಡಿದಳು.

"ಮುಸ್ಸಂಜೇಲಿ ಅಚ್ಚಿದ ದೀಪ ಕಣಣ್ಣ. ಕುಂಕುಮ ಇಕ್ಕಿವ್ನಿ. ನಮ್ಮ ಕೈಯಾರೆ ಆರಿಸ್ಬಾರ್ದು. ಕೇರಿ ಜನ ಉಂಡು ಮನಗೋ ಗಂಟ ಆದ್ರೂ ಇರ್ಲಿ. ನಿಮ್ಮನೇಲಿ ಬಸುರಿ ಎಂಗ್ಸು ಬರೋಳು."

ಆ ಕೊನೆಯ ಮಾತು ಕೇಳಿ ಅವನು ಮತ್ತೆ ಕೂತ. ಎಣ್ಣೆ ದೀಪವಾದರೆ ಹಣತೆಯಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಮರದ ಪೆಟ್ಟಿಗೆಯೊಳಗೆ ಎಷ್ಟಿದೆ ಎಂದು ಯಾರಿಗೆ ಗೊತ್ತು? ದೀಪ ಮೊದಲಿನಂತೆಯೇ ಉರಿಯುತ್ತಿತ್ತು. ಇನ್ನೂ ಬೇಕಾದಷ್ಟಿದೆ ಎಂದುಕೊಂಡ. ಹಾಗೆ ಅಂದುಕೊಳ್ಳುವುದೇ ಅವನಿಗೂ ಬೇಕಾಗಿತ್ತು. ದಿನಾ ಸಂಜೆ ಹೇಗೂ ಸಿಕ್ಕಿಸಬೇಕಲ್ಲ ಎಂದು ತಂತಿ ಬಿಚ್ಚುವುದನ್ನೂ ಬಿಟ್ಟ. ಹೀಗೆ ಹೊಳೆ ಕಟ್ಟಿದಷ್ಟು ದಿನವೂ ಸಂಜೆಯಾದರೆ ದೀಪ, ದೀಪವಾದರೆ ಜನ, ಜನವಾದರೆ ಮಾತು.

ಒಂದು ಸಂಜೆ ಗುಬಟು ತಿರುವಿದಾಗ ಬೆಳಕು ಹೊಳೆಯನ್ನು ಮುಟ್ಟಲಿಲ್ಲ. ಗಾಜಿನೊಳಗೆ ಬೀಡಿಯ ತುದಿಯಂತೆ ಕೆಂಪಗೆ ಒಂದು ಎಳೆ ಕಂಡಿತು, ಅಷ್ಟೆ. ನಿನ್ನ ಮೋಟಾರಿಗೆ ನಿದ್ದೆ ಬಂದದೆ ಅಂದ ಚಿಕ್ಕಮಾದು. ಎಲ್ಲರೂ ನಕ್ಕರು. ರಂಗನಾಯಕನಿಗೆ ಮಿಸ್ತ್ರಿಯ ಮಾತು ನೆನಪಾಯಿತು. ಗುಬಟು ತಿರುವಿ ಅದನ್ನೂ ಆರಿಸಿದ. ಮುತ್ತಮ್ಮ ಏನೋ ಅನ್ನುವುದರೊಳಗೆ ಹಲಗೆ ಎತ್ತಿ, ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ.

ಹೊಳೆ ಆಗಲೇ ಇಳಿಯತೊಡಗಿತ್ತು. ಮೆಟ್ಟಿಲ ಮೇಲಿನ ಕೆಸರಿನ ಗೆರೆ ಬಯಲಾಗುತ್ತಿತ್ತು. ಅಮಾವಾಸ್ಯೆಯೂ ಹತ್ತಿರವಾಗಿತ್ತು. ಪೆಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಮೈಸೂರಿಗೆ ಹೋಗಿ, ತುಂಬಿಸಿಕೊಂಡು ಹಿಂದಿರುಗುವಷ್ಟರಲ್ಲಿ ಬುದ್ಧಿಯವರು ಮಗಳನ್ನು ಕರೆದುಕೊಂಡು ದಂಡೆಯಲ್ಲಿ ನಿಂತಿರುತ್ತಾರೆ. ಆಗ ಗುರುಸಿದ್ದಮ್ಮ ಅವಳನ್ನು ಬಂದ ಹರಿಗೋಲಿನಲ್ಲೇ ವಾಪಸು ಕೂರಿಸುವುದು ಖಂಡಿತ. ಹಿಂದಿನ ಸಲ ತವರಿನಲ್ಲಿ ಚೇತರಿಸಿಕೊಂಡು ಗಂಡನ ಮನೆಗೆ ಹಿಂದಿರುಗುವಾಗ, ಸಾರೋಟಿನಲ್ಲಿ ಚನ್ನಾಜಿ ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಕೂತಿದ್ದದ್ದು ಅವನಿಗೆ ನೆನಪಿತ್ತು. ಕುದುರೆಗಳು ಕೂಡ ಅವತ್ತು ಮೆತ್ತಗೆ ನಡೆದಿದ್ದವು.

ಮಿಸ್ತ್ರಿ ಇನ್ನೊಂದು ಮಾತು ಹೇಳಿದ್ದ. ಪೂರ್ತಿ ಸತ್ತಿಲ್ಲದಿದ್ದರೆ ತಂತಿ ಬಿಚ್ಚಿ ಸುಮ್ಮನೆ ಬಿಡು, ದಣಿದ ಎತ್ತು ಉಸಿರು ತೆಗೆದುಕೊಳ್ಳುವ ಹಾಗೆ ಕೊಂಚ ಚೇತರಿಸಿಕೊಳ್ಳುತ್ತದೆ. ದೀಪಕ್ಕೆ ಸಾಲದು, ಕಾಲಿನ ಗುಂಡಿಗೆ ಮೊದಲೇ ಸಾಲದು. ಕೈಯಲ್ಲಿ ಸುತ್ತಿದರೆ ಕಿಡಿಗೆ ಸಾಕಾದರೂ ಆಗಬಹುದು. ಆದರೆ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಬೇಡ. ನೋಡಿದಷ್ಟೂ ಕಳೆಯುತ್ತೀಯ.

ಮರುಸಂಜೆ ಜನ ಬಂದರು. ರಂಗನಾಯಕ ಇವತ್ತು ದೀಪವಿಲ್ಲ ಅಂದ. ಮಾರನೆಯ ದಿನವೂ ಹಾಗೇ ಅಂದ. ಕಾರಣ ಹೇಳಿದರೆ ಅದು ಹರಿಗೋಲು ಹತ್ತಿ ಆಚೆ ದಡದ ಬೀಗರ ಕಿವಿಗೆ ಬೀಳುತ್ತದೆಂದು ಬಾಯಿ ಕಟ್ಟಿಕೊಂಡ. ಕಾರಣ ಹೇಳದ ಬಡಿವಾರ ಯಾರಿಗೆ ಬೇಕು?

"ಬುಡ್ರಪ್ಪ, ಸಾವ್ಕಾರರ ದೀಪ," ಅಂದ ಚಿಕ್ಕಮಾದು, ಎದ್ದು ಪಂಚೆ ಕೊಡವಿಕೊಳ್ಳುತ್ತಾ. "ಮಿಣುಕುಳನೇ ವಾಸಿ. ಕೇಳ್ದೆ ಉರೀತದೆ."

ಮುತ್ತಮ್ಮ ಬೈಯಲಿಲ್ಲ. ಮುಸ್ಸಂಜೆಯ ದೀಪವನ್ನು ಕೈಯಾರೆ ಆರಿಸಿದವನ ಮುಖವನ್ನು ಅವಳು ನೋಡಲೂ ಇಲ್ಲ. ಮುದ್ದೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಮುಚ್ಚಿಟ್ಟು ಹೋಗುತ್ತಿದ್ದಳು.

ಮೂರನೆಯ ಸಂಜೆ ಯಾರೂ ಬರಲಿಲ್ಲ. ಮೊದಲಿದ್ದ ಒಂಟಿತನಕ್ಕಿಂತ ಇದು ಬೇರೆ. ಅದಾದರೋ ಜನವನ್ನೇ ಕಾಣದಿದ್ದವನದು. ಈಗ ಕೇರಿಯಲ್ಲಿ ಅವರು ನಗುವುದು ಕೇಳಿಸುತ್ತಿತ್ತು. ಯಾವ ನಗು ಯಾರದೆಂದು ಗುರುತೂ ಸಿಗುತ್ತಿತ್ತು. ರಂಗನಾಯಕ ಕತ್ತಲಲ್ಲಿ ಮೋಟಾರಿನ ಮೆಟ್ಟಿಲ ಮೇಲೆ ಕೂತು, ಹಲಗೆಯ ಕಡೆಗೆ ಹೋಗುವ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಒಂದೇ ಒಂದು ಸಲ ತಂತಿ ಸಿಕ್ಕಿಸಿ, ರೆಪ್ಪೆ ಬಡಿಯುವಷ್ಟು ಹೊತ್ತು ದೀಪ ಹಾಕಿದರೆ ಜೀವ ಇದೆಯೇ ಇಲ್ಲವೇ ತಿಳಿದುಹೋಗುತ್ತದೆ. ಇದೆ ಎಂದು ತಿಳಿಯುವುದಕ್ಕೇ ಇರುವುದು ಮುಗಿದುಹೋದರೆ? ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಆಚೆ ದಡದಲ್ಲಿ ಒಂದು ಸಣ್ಣ ದೀಪವಿತ್ತು. ಯಾರ ಮನೆಯದೋ. ಅದನ್ನೇ ನೋಡುತ್ತಿದ್ದ. ಅದೂ ಆರಿತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಚಿಕ್ಕಮಾದು ಹರಿಗೋಲು ನೀರಿಗಿಳಿಸಿದ. ಇತ್ತ ರಂಗನಾಯಕ ಮುತ್ತಮ್ಮನ ಒಲೆಯ ಮುಂದೆ ಹೋಗಿ ನಿಂತು, ಒಂದು ಹಂಡೆ ನೀರು ಕಾಯಿಸಿಕೊಡವ್ವ ಎಂದು ಕೇಳಿದ. ಅವಳು ಯಾಕೆಂದು ಕೇಳಲಿಲ್ಲ, ಕಾಯಿಸಿದಳು. ತಣ್ಣನೆಯ ಯಂತ್ರಕ್ಕೆ ಬಿಸಿನೀರು ಹೊಯ್ದರೆ ಎಣ್ಣೆ ಸಡಿಲಿ ಸುತ್ತುವುದು ಹಗುರವಾಗುತ್ತದೆ. ನೀರು ಹೊಯ್ದು, ತಂತಿ ಸಿಕ್ಕಿಸದೆಯೇ ಹ್ಯಾಂಡಲ್ ಹಾಕಿ ಯಂತ್ರವನ್ನು ಸುತ್ತಿ ಸುತ್ತಿ ಸಡಿಲ ಮಾಡಿದ. ಬೇಗ ಹೊತ್ತಿಕೊಳ್ಳಲೆಂದು ಯಂತ್ರದ ತಲೆಯ ಮೇಲಿನ ಬೊಗಸೆಯಂಥ ಸಣ್ಣ ಬಟ್ಟಲುಗಳಿಗೆ ತೊಟ್ಟು ತೊಟ್ಟು ಪೆಟ್ರೋಲು ಬಿಟ್ಟ. ತಂತಿಯೊಂದು ಬಾಕಿ ಇಟ್ಟು ಹೊಳೆಯ ಕಡೆ ನೋಡಿದ.

ಹರಿಗೋಲಿನಲ್ಲಿ ಬಸವಯ್ಯನವರು, ಪಕ್ಕದಲ್ಲಿ ಸೆರಗು ಹೊದ್ದ ಚನ್ನಾಜಿ, ಎದುರಿಗೆ ನೆಟ್ಟಗೆ ಕೂತ ಗುರುಸಿದ್ದಮ್ಮ. ಸೊಸೆ ಮೋಟಾರು ಹತ್ತಿ ಹೊರಡುವುದನ್ನು ಕಣ್ಣಾರೆ ನೋಡದೆ ಆಕೆ ಹಿಂದಿರುಗುವವರಲ್ಲ. ಗಂಗೆಗೆ ಬಾಗಿನ ಬಿಟ್ಟು ದಡ ಹತ್ತಿದ ಕೂಡಲೇ ಚಿಕ್ಕಮಾದುವಿಗೆ, ನಾನು ಹೇಳುವ ತನಕ ಹುಟ್ಟು ಕೆಳಗಿಡಬೇಡ ಅಂದರು.

ಚನ್ನಾಜಿಯನ್ನು ಮೆತ್ತೆ ಹಾಕಿ ಹಿಂದೆ ಕೂರಿಸಿದರು. ಹೊಳೆಯಾಚೆ ಕಳೆದ ಅಷ್ಟೂ ದಿನ ಬೀಗರ ಮನೆಯ ಜಗಲಿಯಲ್ಲಿ ಬಸವಯ್ಯನವರು ಮೋಟಾರಿನ ಗುಂಡಿಯ ಮಹಿಮೆ ಹೇಳಿದ್ದರೆಂದು ಕಾಣುತ್ತದೆ. ಶಲ್ಯ ಸರಿಮಾಡಿಕೊಂಡು, "ಎಲ್ಲಿ ರಂಗ, ಗುಂಡಿ ಒತ್ತು. ಅಮ್ಮನವರು ನೋಡಲಿ," ಅಂದರು.

ರಂಗನಾಯಕ ಕೂರುವ ಹಲಗೆ ಎತ್ತಿ ತಂತಿ ಬಿಗಿದ. ಆಮೇಲೆ ಕಾಲನ್ನು ಗುಂಡಿಯ ಕಡೆಗೆ ಒಯ್ಯದೆ, ಇಳಿದು ಹ್ಯಾಂಡಲ್ ಕೈಗೆತ್ತಿಕೊಂಡ.

"ಗುಂಡಿ ಒತ್ತು ಅಂದೆ."

"ಬ್ಯಾಡ ಬುದ್ಧಿ." ಅವನು ದನಿಯೆತ್ತಲಿಲ್ಲ. "ದಿನಾ ದೀಪ ಆಕಿ ಎಲ್ಲಾನೂ ಕಳ್ದ್ಬುಟ್ಟಿವ್ನಿ. ಗುಂಡಿಗೆ ಕೊಟ್ರೆ ಕಿಡಿಗೆ ಉಳಿಯಾಕಿಲ್ಲ. ಇಷ್ಟೇ ಇರೋದು."

ಬಸವಯ್ಯನವರ ಕಿವಿಯ ತುದಿ ಕೆಂಪಾಯಿತು. ಹತ್ತು ಜನರೆದುರು, ಅದರಲ್ಲೂ ಬೀಗಿತಿಯ ಎದುರು, ಆಳು ಬೇಡವೆಂದದ್ದು ಅದೇ ಮೊದಲು. ಚಿಕ್ಕಮಾದು ದಂಡೆಯಿಂದ ಕೇಳಿಸಿಕೊಂಡು ತಲೆ ತಗ್ಗಿಸಿದ. ಮುತ್ತಮ್ಮ ಖಾಲಿ ಹಂಡೆ ಹಿಡಿದು ಹಾಗೇ ನಿಂತಳು.

"ಏನ್ ಬೀಗರೇ," ಅಂದರು ಗುರುಸಿದ್ದಮ್ಮ, "ಕಾಲಲ್ಲಿ ಮೆಟ್ಟಿದರೆ ಸಾಕು ಅಂದಿದ್ರಿ. ಇವನು ಗಾಣ ತಿರುವೋಕೆ ಹೊರಟ ಹಾಗಿದೆ."

ಮೊದಲ ಸುತ್ತಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಗುರುಸಿದ್ದಮ್ಮ ಸೊಸೆಯ ಕಡೆ ಕೈ ನೀಡಿ, ಇಳಿ ಮಗಳೇ ಅಂದರು. ಚನ್ನಾಜಿ ಕದಲಲಿಲ್ಲ. ಅವಳು ರಂಗನಾಯಕನ ಬೆನ್ನನ್ನೇ ನೋಡುತ್ತಿದ್ದಳು.

"ರಂಗಣ್ಣ, ನಾ ಬಂದು ಕೈ ಆಕ್ಲಾ?" ಎಂದ ಚಿಕ್ಕಮಾದು.

"ಬ್ಯಾಡ ಕಣಾ. ಇದು ಒಬ್ಬನ ಕೈಗೇ ಗೊತ್ತಾಗೋದು."

ಅವನು ಹ್ಯಾಂಡಲನ್ನು ಮೆಲ್ಲಗೆ ತಿರುವುತ್ತಾ ಹೋದ. ಒಳಗೆ ಎಲ್ಲೋ ಒಂದು ಕಡೆ ಬಿಗಿತ ಸಿಕ್ಕಿತು. ಅಲ್ಲೇ ನಿಂತ. ಕುದುರೆ ಹೆಜ್ಜೆ ಎತ್ತುವುದಕ್ಕೆ ಮುಂಚೆ ಹಗ್ಗದಲ್ಲಿ ತಿಳಿಯುತ್ತದಲ್ಲ, ಹಾಗೆ ತಿಳಿಯುವವರೆಗೆ ಕಾದ. ಆಮೇಲೆ ಇಡೀ ಮೈ ಹಾಕಿ ಮೇಲಕ್ಕೆ ಎಳೆದ.

ಯಂತ್ರ ಒಂದು ಸಲ ಕೆಮ್ಮಿತು. ತಡೆಯಿತು. ಮತ್ತೆ ಕೆಮ್ಮಿತು. ಆಮೇಲೆ ಬಿಡದೆ ಗುಡುಗತೊಡಗಿತು.

ಗುರುಸಿದ್ದಮ್ಮ ಚಾಚಿದ ಕೈಯನ್ನು ಹಾಗೇ ಮೇಲೆತ್ತಿ ಸೊಸೆಯ ತಲೆ ನೇವರಿಸಿದರು. ಮೆತ್ತಗೆ ಬಿಡಪ್ಪ, ಹಳ್ಳದ ಹತ್ತಿರ ಇನ್ನೂ ಮೆತ್ತಗೆ ಎಂದು ರಂಗನಾಯಕನಿಗೆ ಹೇಳಿದರು. ಯಂತ್ರ ನಿಂತೀತೆಂಬ ಹೆದರಿಕೆಯಲ್ಲಿ ಅವನು ಮುತ್ತಮ್ಮನಿಗಾಗಲಿ ಚಿಕ್ಕಮಾದುವಿಗಾಗಲಿ ಬರ್ತೀನಿ ಎಂದು ಹೇಳಲೂ ಇಲ್ಲ. ತಿರುಗಿ ನೋಡಿದಾಗ ಕೊಟ್ಟಿಗೆ ಬಹಳ ಹಿಂದೆ ಉಳಿದಿತ್ತು.

ಹೆಮ್ಮರಗಾಲದ ಹಳ್ಳವನ್ನು ಅವನು ನಡೆಯುವ ಮನುಷ್ಯನಿಗಿಂತ ನಿಧಾನವಾಗಿ ದಾಟಿಸಿದ. ಹಿಂದೆ ಚನ್ನಾಜಿ ಉಸಿರು ಹಿಡಿದದ್ದೂ, ಹಳ್ಳ ದಾಟಿದ ಮೇಲೆ ಬಿಟ್ಟದ್ದೂ ಅವನಿಗೆ ಕೇಳಿಸಿತು. ನಂಜನಗೂಡು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ಕಾದಿದ್ದರು.

ಬಸವಯ್ಯನವರು ಇಳಿದು, ಅವನ ಮುಖ ನೋಡದೆ, ನಾಳೆ ಪೆಟ್ಟಿಗೆಯನ್ನು ಮೈಸೂರಿಗೆ ಒಯ್ದು ತುಂಬಿಸಿಕೊಂಡು ಬಾ ಎಂದು ಹೇಳಿ ಒಳಗೆ ಹೋದರು. ಅಷ್ಟರಲ್ಲೇ ಕೆಲಸ ಉಳಿಯಿತೆಂದು ಅವನಿಗೆ ತಿಳಿಯಿತು. ಚನ್ನಾಜಿ ಇಳಿಯುವಾಗ ಗಾಡಿಯ ಬಾಗಿಲು ಹಿಡಿದು ನಿಂತಳು.

"ರಂಗಣ್ಣ, ನಿನ್ನ ದೀಪ ನಮ್ಮ ಹಿತ್ತಲಿಗೆ ಕಾಣ್ತಿತ್ತು."

ಅವನು ಕೂತಲ್ಲೇ ಅವಳ ಕಡೆ ತಿರುಗಿದ.

"ದಿನಾ ಸಂಜೆ ನೋಡ್ತಿದ್ದೆ. ಅಷ್ಟು ನೀರಿನ ಆಚೆ ನಮ್ಮವರು ಒಬ್ಬರು ಎಚ್ಚರವಾಗಿದ್ದಾರೆ ಅನ್ನಿಸ್ತಿತ್ತು. ಕೊನೇಲಿ ಕಾಣಿಸದೆ ಹೋಯ್ತಲ್ಲ, ನೀನು ಬಿಟ್ಟು ಹೊರಟೋದೆ ಅಂದ್ಕೊಂಡೆ. ಹಣತೆ ಹಚ್ಚಿ ಹಿತ್ತಲಲ್ಲಿಟ್ಟೆ. ಗಾಳಿಗೆ ನಿಲ್ಲಲಿಲ್ಲ."

"ನಾ ಎಲ್ಲಿಗೋಗ್ಲವ್ವ," ಅಂದ ರಂಗನಾಯಕ.

ಹೆಂಗಸರು ಅವಳನ್ನು ಕರೆದರು. ಆರತಿಯ ಕೆಂಪು ನೀರು ಅಂಗಳದಲ್ಲಿ ಚೆಲ್ಲಿದರು. ಬಾಗಿಲ ಒಳಗೆ ಒಂದೇ ಸಲ ಹತ್ತಾರು ಜನ ಮಾತಾಡುವ ಗದ್ದಲವೆದ್ದಿತು.

ಅವನು ಮೋಟಾರನ್ನು ಲಾಯಕ್ಕೆ ಬಿಟ್ಟ. ಗೋಡೆಯ ಬದಿಯಲ್ಲಿ ಕುದುರೆಗಳು ನೀರು ಕುಡಿಯುತ್ತಿದ್ದ ಬಾನಿ ಇನ್ನೂ ಹಾಗೇ ಇತ್ತು. ಇಷ್ಟು ದೂರ ಓಡಿದ್ದಕ್ಕೆ ಪೆಟ್ಟಿಗೆಯಲ್ಲಿ ಒಂದಿಷ್ಟು ಸೇರಿರಬೇಕು. ಯಂತ್ರ ನಿಲ್ಲಿಸಿದ ಮೇಲೆ ಅವನ ಕೈ ದೀಪದ ಗುಬಟಿನ ಮೇಲೆ ಹೋಗಿ ಕೂತಿತು. ಎದುರಿಗೆ ಸುಣ್ಣ ಬಳಿದ ಗೋಡೆ. ಕೈ ತೆಗೆದ. ಹಲಗೆ ಎತ್ತಿ ತಂತಿ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ, ಕುದುರೆಯ ಕೊರಳು ಬಿಚ್ಚಿದಾಗ ಅನ್ನುತ್ತಿದ್ದಂತೆ, "ಆಯ್ತು, ಇನ್ ನಿಂತ್ಕೊ," ಅಂದ.

ಕಾದ ತಗಡು ಆರುತ್ತಾ ಟಿಕ್, ಟಿಕ್ ಎನ್ನುತ್ತಿತ್ತು. ರಂಗನಾಯಕ ಬಾನಿಯ ಅಂಚಿನ ಮೇಲೆ ಕೂತು ಅದನ್ನು ಕೇಳುತ್ತಿದ್ದ, ಅದು ನಿಲ್ಲುವ ತನಕ.